ಅಕ್ಷರದ ಒಳಗು-ಹೊರಗು: ಚೀನೀ ಕಲಾವಿದ ಶು ಬಿಂಗ್ ಅವರ ಬದುಕು ಮತ್ತು ಕಲೆ

ಓದು ಬಲ್ಲವರ ಕಣ್ಣಿಗೆ ಅಕ್ಷರ ಬೀಳುವುದೇ ಇಲ್ಲ. ಅದು ಅರ್ಥಕ್ಕೆ ದಾರಿ ಬಿಟ್ಟು ತಾನು ಹಿಂದೆ ಸರಿದುಬಿಡುತ್ತದೆ. ಓದು ಬಾರದವರಿಗೆ ಮಾತ್ರ ಅಕ್ಷರವು ಅಕ್ಷರವಾಗಿಯೇ, ಅಂದರೆ ಗೆರೆ, ಕೊಂಬು, ಸುತ್ತುಗಳ ಒಂದು ಆಕಾರವಾಗಿ ಕಾಣುತ್ತದೆ. ಹೀಗೆ ಪ್ರತಿಯೊಂದು ಲಿಪಿಯೂ ಜನರನ್ನು ಎರಡು ಪಾಲು ಮಾಡುತ್ತದೆ: ಒಳಗಿನವರು ಮತ್ತು ಹೊರಗಿನವರು. ಈ ವಿಭಜನೆಯನ್ನೇ ತಮ್ಮ ಕಲೆಯ ವಸ್ತುವನ್ನಾಗಿ ಮಾಡಿಕೊಂಡು, ಮೂರೂವರೆ ದಶಕಗಳಿಗೂ ಮೀರಿ ಅದನ್ನು ಬಗೆಬಗೆಯಾಗಿ ಪರೀಕ್ಷೆಗೆ ಒಡ್ಡಿದವರು ಚೀನಾದ ಕಲಾವಿದ, ವಿನ್ಯಾಸಕಾರ ಶು ಬಿಂಗ್. ಯಾರೂ ಓದಲಾಗದ ಒಂದು ಪುಸ್ತಕವನ್ನೂ ಎಲ್ಲರೂ ಓದಬಹುದಾದ ಇನ್ನೊಂದು ಪುಸ್ತಕವನ್ನೂ ಅವರು ರಚಿಸಿದ್ದಾರೆ. ಇವೆರಡರ ನಡುವೆ ಅವರ ಬದುಕಿನ ಬಹುಭಾಗ ಹರಡಿಕೊಂಡಿದೆ.

ಶು ಬಿಂಗ್ ಅವರನ್ನು ಕೇವಲ ಚಿತ್ರಕಾರರೆಂದು ಗುರುತಿಸಿದರೆ ಸಾಲದು. ಮರದಚ್ಚು, ಅಚ್ಚುಮೊಳೆಯ ಕೆತ್ತನೆ, ಲಿಪಿವಿನ್ಯಾಸ, ಪುಸ್ತಕದ ಕಟ್ಟಣೆ, ಕಟ್ಟಡದ ಅವಶೇಷಗಳಿಂದ ಮಾಡಿದ ಬೃಹತ್ ಶಿಲ್ಪ, ಚಲನಚಿತ್ರ ಹೀಗೆ ಅವರ ಕೆಲಸದ ಹರಹು ದೊಡ್ಡದು. ಆದರೆ ಇವೆಲ್ಲದರ ಹಿಂದೆ ದುಡಿದಿರುವುದು ಬರಹವನ್ನು ಕುರಿತ ಒಂದೇ ಜಿಜ್ಞಾಸೆ. ಭಾಷೆ, ಲಿಪಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ಅವರ ಕಲೆ ಮುಖ್ಯವಾಗುವುದು ಈ ಕಾರಣದಿಂದಲೇ.

ಪುಸ್ತಕಗಳ ನಡುವಿನ ಬಾಲ್ಯ

ಶು ಬಿಂಗ್ ಹುಟ್ಟಿದ್ದು 1955ರಲ್ಲಿ, ಚೊಂಗ್‌ಚಿಂಗ್ ನಗರದಲ್ಲಿ. ಬೆಳೆದದ್ದು ಬೀಜಿಂಗಿನಲ್ಲಿ, ಪೀಕಿಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ. ತಂದೆ ಅಲ್ಲಿನ ಇತಿಹಾಸ ವಿಭಾಗದ ಮುಖ್ಯಸ್ಥರಾಗಿದ್ದರು. ತಾಯಿ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಹೀಗಾಗಿ ಓದಲು ಕಲಿಯುವ ಮೊದಲೇ ಬಾಲಕನಿಗೆ ಪುಸ್ತಕದ ಹೊರಮೈ, ಅದರ ಕಟ್ಟು, ಕಾಗದ, ಅಚ್ಚಿನ ಸಾಲುಗಳ ಪರಿಚಯವಾಗಿತ್ತು. ದಿನವೂ ಕುಂಚದಿಂದ ಒಂದು ಪುಟ ಅಕ್ಷರ ತಿದ್ದುವ ಅಭ್ಯಾಸವನ್ನು ತಂದೆ ಮಾಡಿಸಿದ್ದರು. ಅರ್ಥಕ್ಕಿಂತ ಮೊದಲು ಆಕಾರ ಒಲಿದು ಬಂದ ಈ ಬಾಲ್ಯಾನುಭವವೇ ಮುಂದಿನ ಕೃತಿಗಳಿಗೆ ಬೀಜವಾಯಿತೆನ್ನಬಹುದು.

ಅದೇ ಕಾಲಕ್ಕೆ ಅಕ್ಷರಗಳೇ ಬದಲಾಗುತ್ತಿದ್ದವು. ಸಾಕ್ಷರತೆಯನ್ನು ಹೆಚ್ಚಿಸುವ ಉದ್ದೇಶದಿಂದ ಚೀನಾ ಸರ್ಕಾರ 1956ರಲ್ಲಿ ಸರಳೀಕೃತ ಅಕ್ಷರಗಳ ಯೋಜನೆಯನ್ನು ಪ್ರಕಟಿಸಿತು. 1964ರಲ್ಲಿ ವಿಸ್ತೃತ ಪಟ್ಟಿ ಹೊರಬಂದಿತು. 1977ರಲ್ಲಿ ಎರಡನೆಯ ಸರಳೀಕರಣದ ಕರಡು ಪ್ರಕಟವಾಯಿತು. ಅದು ನೆಲೆಗೊಳ್ಳದೆ 1986ರಲ್ಲಿ ಹಿಂತೆಗೆಯಲ್ಪಟ್ಟಿತು. ಕನ್ನಡದಲ್ಲಿಯೂ ಱ, ೞ ಅಕ್ಷರಗಳು ಬಳಕೆ ತಪ್ಪಿದುದುಂಟು. ಆದರೆ ಅದು ಶತಮಾನಗಳ ಅವಧಿಯಲ್ಲಿ, ಉಚ್ಚಾರಣೆಯ ಬದಲಾವಣೆಯನ್ನು ಅನುಸರಿಸಿ, ಮೆಲ್ಲಗೆ ನಡೆದ ಕ್ರಿಯೆ. ಚೀನಾದಲ್ಲಾದರೋ ಒಂದೇ ತಲೆಮಾರಿನ ಮಕ್ಕಳು ರಾಜಾಜ್ಞೆಯಂತೆ ಬಂದ ಪಟ್ಟಿಗಳನ್ನು ನೋಡಿ ಕಲಿತದ್ದನ್ನು ಮರೆತು, ಮರೆತದ್ದನ್ನು ಮತ್ತೆ ಕಲಿಯಬೇಕಾಯಿತು. ಅಕ್ಷರವೆಂದರೆ ಪರಂಪರೆಯಿಂದ ಬಂದ, ಅಲುಗಾಡದ ವಸ್ತು ಎಂಬ ನಂಬಿಕೆ ಈ ತಲೆಮಾರಿನವರಲ್ಲಿ ಚಿಕ್ಕಂದಿನಲ್ಲಿಯೇ ಸಡಿಲಗೊಂಡಿತು.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾಯಿತು. ತಂದೆ ಖಂಡನೆಗೆ ಗುರಿಯಾದರು. ಮನೆಯಲ್ಲಿದ್ದ ಪುಸ್ತಕಗಳನ್ನು ಓದುವ ವಯಸ್ಸು ಬಂದಾಗ ಓದಲು ಉಳಿದದ್ದು ಮಾವೋ ಅವರ ಕೆಂಪು ಪುಸ್ತಕವೊಂದೇ. ಆದರೆ ಬರಹದ ಬಲ ಎಂತಹುದು ಎಂಬುದು ಅರಿವಾದದ್ದೂ ಆ ದಿನಗಳಲ್ಲಿಯೇ. ಗೋಡೆಗೋಡೆಗೂ ಅಂಟಿಸುತ್ತಿದ್ದ ದೊಡ್ಡಕ್ಷರದ ಭಿತ್ತಿಪತ್ರಗಳು ಒಬ್ಬ ಮನುಷ್ಯನ ಮಾನವನ್ನು ಒಂದು ರಾತ್ರಿಯಲ್ಲಿ ಕಳೆಯಬಲ್ಲವಾಗಿದ್ದವು. ಶು ಬಿಂಗ್ ಅವರ ಕೈಬರಹ ಚೆನ್ನಾಗಿತ್ತು. ಪ್ರಚಾರದ ಫಲಕಗಳನ್ನು ಬರೆಯಲು ಅದು ಬೇಕಾಯಿತು. ಕಳಂಕ ಹೊತ್ತ ಮನೆತನದ ಮಗನಿಗೆ ಸಮಾಜದಲ್ಲಿ ಒಂದು ಸ್ಥಾನ ದೊರಕಿದ್ದು ಆತನ ವಿಚಾರದಿಂದಲ್ಲ, ಅಂದವಾದ ಅಕ್ಷರದಿಂದ ಎಂಬುದು ಗಮನಾರ್ಹ.

ಹಳ್ಳಿಯಿಂದ ಅಕಾಡೆಮಿಗೆ

ಓದಿದ ಯುವಜನರನ್ನು ಹಳ್ಳಿಗೆ ಕಳುಹಿಸುವ ನೀತಿಯಂತೆ 1974ರಲ್ಲಿ ಶು ಬಿಂಗ್ ಬೀಜಿಂಗಿನ ಉತ್ತರಕ್ಕಿರುವ ಯಾನ್‌ಚಿಂಗ್ ಪ್ರದೇಶದ ಒಂದು ಬಡ ಬೆಟ್ಟದ ಹಳ್ಳಿಗೆ ಹೋದರು. ಹೊಲದ ದುಡಿಮೆಯ ಜೊತೆಗೆ ಊರವರ ಮದುವೆ, ಸಾವುಗಳಿಗೆ ಬೇಕಾದ ಬರಹಗಳನ್ನು ಬರೆದುಕೊಡುವ ಕೆಲಸವೂ ಅವರ ಪಾಲಿಗೆ ಬಂದಿತು. ಗೆಳೆಯರೊಂದಿಗೆ ಸೇರಿ ಒಂದು ಸೈಕ್ಲೋಸ್ಟೈಲ್ ಪತ್ರಿಕೆಯನ್ನೂ ಹೊರತಂದರು. ಅದರ ಅಕ್ಷರವಿನ್ಯಾಸ, ಪುಟವಿನ್ಯಾಸಗಳಲ್ಲಿ ಕೈ ಪಳಗಿತು. ಅವರೊಳಗಿನ ವಿನ್ಯಾಸಕಾರ ರೂಪುಗೊಂಡದ್ದು ಈ ಅಗ್ಗದ ಕಾಗದದ ಪತ್ರಿಕೆಯಲ್ಲಿ.

ಚೀನೀ ಜನಪದದಲ್ಲಿ ಇನ್ನೊಂದು ವಾಡಿಕೆಯಿದೆ. ಹೊಸವರ್ಷದ ಶುಭಾಶಯಕ್ಕಾಗಿ ನಾಲ್ಕು ಅಕ್ಷರಗಳನ್ನು ಒಂದರೊಳಗೊಂದು ಹೆಣೆದು, ಒಂದೇ ಅಕ್ಷರದಂತೆ ಬರೆದು ಬಾಗಿಲಿಗೆ ಅಂಟಿಸುತ್ತಾರೆ. ನಿಘಂಟಿನಲ್ಲಿ ಅಂತಹ ಅಕ್ಷರವಿಲ್ಲ. ಆದರೂ ಅದು ಐಶ್ವರ್ಯವನ್ನು ಕರೆಯುವ ಅಕ್ಷರವೆಂದು ಎಲ್ಲರಿಗೂ ತಿಳಿದಿರುತ್ತದೆ. ಪಂಡಿತರು ಒಪ್ಪದ ಅಕ್ಷರವೂ ಜನರ ನಡುವೆ ಬದುಕಬಲ್ಲದು ಎಂಬ ಈ ಸಂಗತಿ ಮುಂದೆ ಅವರ ಕೃತಿಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

1977ರಲ್ಲಿ ಅವರು ಬೀಜಿಂಗಿನ ಕೇಂದ್ರ ಲಲಿತಕಲಾ ಅಕಾಡೆಮಿಯ ಮುದ್ರಣಕಲಾ ವಿಭಾಗವನ್ನು ಸೇರಿದರು. 1981ರಲ್ಲಿ ಪದವಿ ಪಡೆದು ಅಲ್ಲಿಯೇ ಅಧ್ಯಾಪಕರಾದರು. 1987ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು. ಸಾಂಸ್ಕೃತಿಕ ಕ್ರಾಂತಿ ಮುಗಿದಿತ್ತು. ಮುಚ್ಚಿದ್ದ ಪುಸ್ತಕಗಳು ಮತ್ತೆ ತೆರೆದಿದ್ದವು. ಪಶ್ಚಿಮದ ತತ್ತ್ವಶಾಸ್ತ್ರ, ಸಾಹಿತ್ಯಗಳ ಅನುವಾದಗಳು ಪ್ರವಾಹದಂತೆ ಬಂದವು. ಬಹುಕಾಲ ಉಪವಾಸವಿದ್ದವನು ಒಮ್ಮೆಗೇ ಉಂಡು ಹೊಟ್ಟೆ ಕೆಡಿಸಿಕೊಂಡಂತೆ ಈ ಓದು ತಮಗೆ ಒಗ್ಗಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಆ ಅಜೀರ್ಣದಿಂದಲೇ ತಾವೊಂದು ಪುಸ್ತಕ ಮಾಡಬೇಕೆಂಬ ಸಂಕಲ್ಪ ಹುಟ್ಟಿತು.

ಚೀನೀ ಲಿಪಿಯ ಸ್ವರೂಪ

ಆ ಪುಸ್ತಕದ ಮಹತ್ತ್ವ ತಿಳಿಯಬೇಕಾದರೆ ಚೀನೀ ಲಿಪಿಯ ರಚನೆಯನ್ನು ಸಂಕ್ಷೇಪವಾಗಿ ನೋಡಬೇಕು. ಕನ್ನಡದ ಅಕ್ಷರ ಧ್ವನಿಯ ಚಿಹ್ನೆ. ಕೇಶಿರಾಜನು ತನ್ನ ವ್ಯಾಕರಣವನ್ನು ನಾಭಿಮೂಲದಿಂದ ಶಬ್ದ ಹುಟ್ಟುವ ಬಗೆಯನ್ನು ಹೇಳಿಯೇ ಆರಂಭಿಸುತ್ತಾನೆ. ಬರೆದದ್ದು ನುಡಿದುದರ ನೆರಳು ಎಂಬ ಭಾವನೆ ನಮ್ಮ ಪರಂಪರೆಯಲ್ಲಿ ಆಳವಾಗಿ ಬೇರೂರಿದೆ. ಚೀನೀ ಅಕ್ಷರವಾದರೋ ಧ್ವನಿಯೊಡನೆ ಅರ್ಥವನ್ನೂ ಹೊತ್ತ ಘಟಕ. ಒಂದೇ ಅಕ್ಷರವನ್ನು ಬೀಜಿಂಗಿನವರು ಒಂದು ರೀತಿಯಲ್ಲಿಯೂ ಕ್ಯಾಂಟನ್ನಿನವರು ಬೇರೊಂದು ರೀತಿಯಲ್ಲಿಯೂ ಉಚ್ಚರಿಸಬಹುದು. ಅರ್ಥ ಇಬ್ಬರಿಗೂ ಒಂದೇ. ಮಾತಿನಲ್ಲಿ ಒಬ್ಬರಿಗೊಬ್ಬರು ಅರ್ಥವಾಗದವರನ್ನು ಬರಹ ಒಂದುಗೂಡಿಸಿದೆ.

ಬಹುಪಾಲು ಅಕ್ಷರಗಳಲ್ಲಿ ಎರಡು ಅಂಗಗಳಿರುತ್ತವೆ. ಒಂದು ಅರ್ಥದ ವರ್ಗವನ್ನು ಸೂಚಿಸುವ ಮೂಲಾಂಗ. ಇನ್ನೊಂದು ಉಚ್ಚಾರಣೆಯ ಸುಳಿವು ಕೊಡುವ ಅಂಗ. ನದಿ, ಸರೋವರ, ಕಡಲುಗಳನ್ನು ಸೂಚಿಸುವ ಅಕ್ಷರಗಳ ಎಡಭಾಗದಲ್ಲಿ ನೀರಿನ ಮೂಲಾಂಗವಾದ ಮೂರು ಚಿಕ್ಕ ಗೆರೆಗಳು ಇದ್ದೇ ಇರುತ್ತವೆ. 1716ರಲ್ಲಿ ಪೂರ್ಣಗೊಂಡ ಕಾಂಗ್‌ಶಿ ನಿಘಂಟು ಇಂತಹ 214 ಮೂಲಾಂಗಗಳ ಕ್ರಮದಲ್ಲಿ ಅಕ್ಷರಗಳನ್ನು ಜೋಡಿಸಿತು. ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಕನ್ನಡದ ಅಕ್ಷರಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದರೆ ಅರ್ಥ ಹುಟ್ಟದಿದ್ದರೂ ಅದನ್ನು ಬಾಯಿಬಿಟ್ಟು ಓದಬಹುದು. ಚೀನೀ ಮೂಲಾಂಗಗಳನ್ನು ಹಾಗೆ ಜೋಡಿಸಿ ಹೊಸ ಅಕ್ಷರ ಮಾಡಿದರೆ ಖಚಿತವಾದ ಅರ್ಥವೂ ಇಲ್ಲ, ಉಚ್ಚಾರಣೆಯೂ ಇಲ್ಲ. ಆದರೆ ಮೂಲಾಂಗ ಮಾತ್ರ ಏನನ್ನೋ ಹೇಳಹೊರಟಂತೆ ಕಾಣುತ್ತಿರುತ್ತದೆ. ಓದುಗನು ಹೊಸ್ತಿಲವರೆಗೆ ಬಂದು ಅಲ್ಲಿಯೇ ನಿಲ್ಲುತ್ತಾನೆ.

ಆಕಾಶದ ಪುಸ್ತಕ

1987ರಿಂದ 1991ರವರೆಗೆ ನಡೆದ ಆ ಕೆಲಸ ಇಂದು ‘ಟಿಯಾನ್‌ಶು’ ಎಂದು ಪ್ರಸಿದ್ಧವಾಗಿದೆ. ಶಬ್ದಾರ್ಥದಲ್ಲಿ ಅದು ‘ಆಕಾಶದ ಪುಸ್ತಕ’, ಅಂದರೆ ದೈವೀ ಗ್ರಂಥ. ಆಡುಮಾತಿನಲ್ಲಿ ತಲೆಬುಡ ತಿಳಿಯದ ಬರಹಕ್ಕೂ ಚೀನಿಯರು ಅದೇ ಮಾತನ್ನು ಬಳಸುತ್ತಾರೆ. ಓದಲಾಗದ ಕೈಬರಹವನ್ನು ಕನ್ನಡದಲ್ಲಿ ‘ಬ್ರಹ್ಮಲಿಪಿ’ ಎನ್ನುವುದನ್ನು ಇದಕ್ಕೆ ಹೋಲಿಸಬಹುದು. ಎರಡೂ ಭಾಷೆಗಳು ದೇವರ ಬರಹವನ್ನೂ ಅರ್ಥವಾಗದ ಬರಹವನ್ನೂ ಒಂದೇ ಮಾತಿನಲ್ಲಿ ಹಿಡಿದಿವೆ.

ಈ ಪುಸ್ತಕಕ್ಕಾಗಿ ಶು ಬಿಂಗ್ ಸುಮಾರು 4,000 ಅಕ್ಷರಗಳನ್ನು ತಾವೇ ಸೃಷ್ಟಿಸಿದರು. ಅವು ಯಾವುವೂ ಓದಿಗೆ ದಕ್ಕುವ ಅಕ್ಷರಗಳಲ್ಲ. ಆದರೆ ಪ್ರತಿಯೊಂದೂ ಚೀನೀ ಅಕ್ಷರರಚನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಗೆರೆಗಳ ಸಂಖ್ಯೆ, ಅಂಗಗಳ ಪ್ರಮಾಣ, ಚೌಕದೊಳಗಿನ ತೂಕ ಎಲ್ಲವೂ ಸರಿ. ಒಂದೊಂದು ಅಕ್ಷರವನ್ನೂ ಮರದ ಅಚ್ಚುಮೊಳೆಯಲ್ಲಿ ಕನ್ನಡಿಬಿಂಬವಾಗಿ ಕೈಯಿಂದಲೇ ಕೆತ್ತಿದರು. ಮೊಳೆಯ ಶೈಲಿಗಾಗಿ ಅವರು ಆಯ್ದುಕೊಂಡದ್ದು ಸೋಂಗ್ ಶೈಲಿಯನ್ನು. ಪುಸ್ತಕ, ಪತ್ರಿಕೆಗಳಲ್ಲಿ ನಿತ್ಯ ಬಳಕೆಯಲ್ಲಿರುವ, ಬರೆದವನ ಕೈಗುರುತು ಕಾಣಿಸದ ಶೈಲಿ ಅದು. ಕೈಬರಹದ ಶೈಲಿಯಲ್ಲಿ ಕೆತ್ತಿದ್ದರೆ ನೋಡುಗರು ಇದನ್ನು ಒಬ್ಬ ಕಲಾವಿದನ ಲಹರಿಯೆಂದು ತಳ್ಳಿಹಾಕಬಹುದಿತ್ತು. ಅಧಿಕೃತ ಮುದ್ರಣದ ಮುಖಭಾವವಿದ್ದುದರಿಂದಲೇ ಅದು ನಂಬಿಕೆ ಹುಟ್ಟಿಸಿತು.

ಮುದ್ರಣವೂ ಸಾಂಪ್ರದಾಯಿಕ ಕ್ರಮದಲ್ಲಿಯೇ ನಡೆಯಿತು. ಚೀನಾದ ಮುದ್ರಣ ಪರಂಪರೆ ದೀರ್ಘವಾದುದು. ಮುದ್ರಣದ ಕಾಲವನ್ನು ಖಚಿತವಾಗಿ ಹೇಳುವ, ಇಂದಿಗೂ ಉಳಿದಿರುವ ಪೂರ್ಣಗ್ರಂಥಗಳಲ್ಲಿ ಅತ್ಯಂತ ಹಳೆಯದು 868ರ ‘ವಜ್ರಸೂತ್ರ’. ಭಾರತದಿಂದ ಹೋದ ಬೌದ್ಧ ಗ್ರಂಥವೊಂದರ ಚೀನೀ ಅನುವಾದವದು. ಹನ್ನೊಂದನೆಯ ಶತಮಾನದಲ್ಲಿ ಬಿ ಶೆಂಗ್ ಎಂಬಾತ ಮಣ್ಣಿನ ಬಿಡಿಮೊಳೆಗಳನ್ನು ಬಳಕೆಗೆ ತಂದ. ಆಕಾಶದ ಪುಸ್ತಕ ಈ ಪರಂಪರೆಯ ಎಲ್ಲ ಲಕ್ಷಣಗಳನ್ನೂ ಗೌರವದಿಂದ ಪಾಲಿಸುತ್ತದೆ. ನಾಲ್ಕು ಸಂಪುಟ, 604 ಪುಟ. ಮರದ ಪೆಟ್ಟಿಗೆ, ದಾರದ ಹೊಲಿಗೆ, ನೀಲಿ ಹೊದಿಕೆ. ಪರಿವಿಡಿ, ಮೂಲಪಾಠ, ಸಾಲುಗಳ ನಡುವೆ ಸಣ್ಣಕ್ಷರದ ಟೀಕೆ. ಟೀಕೆಯೂ ಮೂಲದಷ್ಟೇ ಅರ್ಥರಹಿತ. ಪ್ರಾಚೀನ ಗ್ರಂಥಸಂಪಾದನೆಯ ವಿನ್ಯಾಸವನ್ನು ಬಲ್ಲವರಿಗೆ ಇದರಲ್ಲಿ ಅಡಗಿರುವ ವಿನೋದ ತಕ್ಷಣ ಹೊಳೆಯುತ್ತದೆ. ಪುಟದ ರೂಪವೇ ಅದನ್ನು ಶಾಸ್ತ್ರಗ್ರಂಥವೆಂದು ಸಾರುತ್ತದೆ, ಒಳಗೆ ಶಾಸ್ತ್ರವಿಲ್ಲ.

1988ರ ಅಕ್ಟೋಬರಿನಲ್ಲಿ ಬೀಜಿಂಗಿನ ಚೀನಾ ಕಲಾ ಸಂಗ್ರಹಾಲಯದಲ್ಲಿ ಇದರ ಮೊದಲ ರೂಪ ಪ್ರದರ್ಶನಗೊಂಡಿತು. ಮುಂದೆ ಪೂರ್ಣಗೊಂಡ ವಿನ್ಯಾಸದಲ್ಲಿ ನೆಲದ ಮೇಲೆ ಸಾಲುಸಾಲಾಗಿ ತೆರೆದಿಟ್ಟ ಪುಸ್ತಕಗಳು; ಮೇಲೆ ಚಾವಣಿಯಿಂದ ಚಪ್ಪರದಂತೆ ಇಳಿಬಿದ್ದ ಮುದ್ರಿತ ಸುರುಳಿಗಳು; ಗೋಡೆಗಳ ಮೇಲೆ ಬೀದಿಯ ವೃತ್ತಪತ್ರಿಕಾ ಫಲಕಗಳನ್ನು ನೆನಪಿಸುವ ಹಾಳೆಗಳು. ನೋಡುಗರು ಅಕ್ಷರಗಳಿಂದ ಸುತ್ತುವರಿಯಲ್ಪಟ್ಟೂ ಒಂದನ್ನೂ ಓದಲಾರದೆ ನಿಂತರು. ಓದಬಲ್ಲ ಒಂದಾದರೂ ಅಕ್ಷರ ಸಿಕ್ಕೀತೆಂದು ಹಿರಿಯ ವಿದ್ವಾಂಸರು ಹುಡುಕಾಡಿದ ಸಂಗತಿ ಈ ಕೃತಿಯ ಬಗೆಗಿನ ಬರಹಗಳಲ್ಲಿ ಮತ್ತೆಮತ್ತೆ ಬರುತ್ತದೆ. ಜ್ಞಾನ ಹೆಚ್ಚಿದ್ದಷ್ಟೂ ಕಳವಳ ಹೆಚ್ಚು. ಈ ಪುಸ್ತಕದ ಮುಂದೆ ಪಂಡಿತನೂ ನಿರಕ್ಷರಿಯೂ ಸಮಾನರು. ಒಳಗು-ಹೊರಗೆಂಬ ಗೆರೆಯನ್ನು ಅದು ಎಲ್ಲರನ್ನೂ ಹೊರಗೆ ನಿಲ್ಲಿಸುವ ಮೂಲಕ ಅಳಿಸಿತು.

ಕೃತಿಯ ಅರ್ಥವನ್ನು ಕುರಿತು ಅಭಿಪ್ರಾಯಭೇದವಿದೆ. ಪ್ರಚಾರದ ಪೊಳ್ಳು ಮಾತುಗಳಿಗೆ ಇದು ಉತ್ತರವೆಂದು ಕೆಲವರು, ಪರಂಪರೆಗೆ ಮಾಡಿದ ಅಪಚಾರವೆಂದು ಕೆಲವರು, ಬೌದ್ಧರ ಶೂನ್ಯಭಾವದ ನಿರೂಪಣೆಯೆಂದು ಇನ್ನು ಕೆಲವರು ವಾದಿಸಿದ್ದಾರೆ. ಇವುಗಳಲ್ಲಿ ಯಾವುದೊಂದನ್ನೇ ಹಿಡಿದರೂ ಕೃತಿ ಕಿರಿದಾಗುತ್ತದೆ. ವರ್ಷಗಟ್ಟಲೆ ನಿಷ್ಠೆಯಿಂದ, ಕುಶಲತೆಯಿಂದ ದುಡಿದು ಏನನ್ನೂ ಹೇಳದ ಗ್ರಂಥವನ್ನು ಮಾಡುವುದು ಅಣಕವೂ ಹೌದು, ಆರಾಧನೆಯೂ ಹೌದು. ಓದಬಲ್ಲ ಸಾವಿರಾರು ಅಕ್ಷರಗಳನ್ನು ಅಂತರಂಗ ಮಾಡಿಕೊಂಡವನು ಮಾತ್ರ ಓದಲಾಗದ 4,000 ಅಕ್ಷರಗಳನ್ನು ಕಟ್ಟಬಲ್ಲ ಎಂಬುದನ್ನು ಮರೆಯಬಾರದು.

ಗೋಡೆಯ ಪಡಿಯಚ್ಚು ಮತ್ತು ವಲಸೆ

1989ರ ಫೆಬ್ರವರಿಯಲ್ಲಿ ಬೀಜಿಂಗಿನಲ್ಲಿ ನಡೆದ ನವ್ಯಕಲೆಯ ದೊಡ್ಡ ಪ್ರದರ್ಶನದಲ್ಲಿಯೂ ಆಕಾಶದ ಪುಸ್ತಕ ಇತ್ತು. ಅದೇ ವರ್ಷ ಜೂನ್ ತಿಂಗಳಲ್ಲಿ ಟಿಯಾನನ್‌ಮೆನ್ ಚೌಕದ ಚಳವಳಿಯನ್ನು ಹತ್ತಿಕ್ಕಲಾಯಿತು. ಅನಂತರದ ಬಿಗಿ ವಾತಾವರಣದಲ್ಲಿ ಈ ಕೃತಿಯೂ ಕಟುಟೀಕೆಗೆ ಗುರಿಯಾಯಿತು. ‘ಗೋಡೆ ಬಡಿಯುವ ದೆವ್ವಗಳು’ ಎಂಬ ನುಡಿಗಟ್ಟನ್ನು ವಿಮರ್ಶಕರೊಬ್ಬರು ಅದಕ್ಕೆ ಅನ್ವಯಿಸಿದರು. ಇರುಳಿನಲ್ಲಿ ದಾರಿ ತಪ್ಪಿ ಸುತ್ತಿದಲ್ಲಿಯೇ ಸುತ್ತುವವನ ಪಾಡನ್ನು ಹೇಳುವ ಚೀನೀ ಮಾತು ಅದು.

ಶು ಬಿಂಗ್ ಆ ಬೈಗುಳನ್ನೇ ಮುಂದಿನ ಕೃತಿಯ ಹೆಸರನ್ನಾಗಿ ಮಾಡಿಕೊಂಡರು. 1990ರಲ್ಲಿ ವಿದ್ಯಾರ್ಥಿಗಳ ಹಾಗೂ ಸ್ಥಳೀಯ ರೈತರ ನೆರವಿನಿಂದ ಜಿನ್‌ಶಾನ್‌ಲಿಂಗ್ ಬಳಿ ಚೀನಾದ ಮಹಾಗೋಡೆಯ ಒಂದು ಭಾಗದ ಪಡಿಯಚ್ಚನ್ನು ಕಾಗದದ ಮೇಲೆ ತೆಗೆದರು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬಡಿದು, ಮಸಿ ತಟ್ಟಿ ಶಾಸನದ ಪ್ರತಿ ತೆಗೆಯುವ ವಿಧಾನವನ್ನು ಬಲ್ಲವರಿಗೆ ಈ ಕ್ರಿಯೆ ಹೊಸದಲ್ಲ. ಇಲ್ಲಿನ ವಿಶೇಷವೆಂದರೆ ಈ ಗೋಡೆಯ ಮೇಲೆ ಓದಬೇಕಾದ ಶಾಸನವಿರಲಿಲ್ಲ. ಅಚ್ಚಿನಲ್ಲಿ ಮೂಡಿದ್ದು ಇಟ್ಟಿಗೆಯ ಬಿರುಕು, ಸವೆತ ಮಾತ್ರ. ಬರಹವಿಲ್ಲದ ಕಲ್ಲೂ ಇತಿಹಾಸವನ್ನು ಹೇಳಬಲ್ಲದು ಎಂಬ ಧ್ವನಿ ಅದರಲ್ಲಿದೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ 1991ರಲ್ಲಿ ಅದು ಪ್ರದರ್ಶಿತವಾದಾಗ, ಗೋಡೆಯ ಎತ್ತರಕ್ಕೆ ತೂಗುಬಿಟ್ಟ ಆ ಹಾಳೆಗಳ ತುದಿಯನ್ನು ಮಣ್ಣಿನ ಗುಡ್ಡೆಯೊಂದು ಸಮಾಧಿಯಂತೆ ಅದುಮಿ ಹಿಡಿದಿತ್ತು. ಅಷ್ಟರಲ್ಲಿ, 1990ರಲ್ಲಿಯೇ, ಕಲಾವಿದರು ಅಮೆರಿಕೆಗೆ ವಲಸೆ ಹೋಗಿದ್ದರು.

ಚೌಕ ಪದಗಳ ಲಿಪಿಕಲೆ

ತಾಯ್ನಾಡಿನಲ್ಲಿ ಬರಹದ ಒಡೆಯನಾಗಿದ್ದವರು ಹೊರನಾಡಿನಲ್ಲಿ ಮತ್ತೆ ಅಕ್ಷರ ಕಲಿಯುವ ಸ್ಥಿತಿಗೆ ಬಂದರು. ಮಾತು ತಡವರಿಸುವ ಮನುಷ್ಯನನ್ನು ಜಗತ್ತು ವಿಚಾರದಲ್ಲಿಯೂ ಹಿಂದುಳಿದವನೆಂದು ಭಾವಿಸುತ್ತದೆ. ಈ ಅನುಭವದ ಹಿನ್ನೆಲೆಯಲ್ಲಿ, 1994ರ ಸುಮಾರಿಗೆ, ‘ಚೌಕ ಪದಗಳ ಲಿಪಿಕಲೆ’ ಹುಟ್ಟಿತು. ಅವರ ಕೃತಿಗಳಲ್ಲಿ ವಿನ್ಯಾಸಕಾರನ ಜಾಣ್ಮೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಇದರ ತಂತ್ರ ಹೀಗಿದೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಒಂದೊಂದಕ್ಕೂ ಚೀನೀ ಕುಂಚದ ಗೆರೆಗಳನ್ನು ಹೋಲುವ ರೂಪವನ್ನು ಗೊತ್ತುಪಡಿಸಲಾಗಿದೆ. ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಸಾಲಾಗಿ ಬರೆಯದೆ, ಚೀನೀ ಅಕ್ಷರದ ಅಂಗಗಳಂತೆ ಒಂದೇ ಚೌಕದೊಳಗೆ ಕೂಡಿಸಲಾಗುತ್ತದೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಓದಬೇಕು. ದೂರದಿಂದ ನೋಡಿದರೆ ಅಚ್ಚ ಚೀನೀ ಬರಹ. ಇಂಗ್ಲಿಷ್ ಬಲ್ಲವರು ಮೊದಲು ‘ಇದು ನಮಗೆ ಬಾರದ ಲಿಪಿ’ ಎಂದು ಹಿಂಜರಿಯುತ್ತಾರೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ತಮ್ಮದೇ ಪದ ಎದ್ದು ಬರುತ್ತದೆ. ಚೀನೀ ಬಲ್ಲವರು ಮೊದಲು ಸಲೀಸಾಗಿ ಓದಹೊರಟು ಸೋಲುತ್ತಾರೆ. ಪರಿಚಿತವಾದದ್ದು ಅಪರಿಚಿತವೂ, ಅಪರಿಚಿತವಾದದ್ದು ಪರಿಚಿತವೂ ಆಗುತ್ತದೆ.

ಈ ಲಿಪಿಯನ್ನು ಅವರು ಗೋಡೆಯ ಮೇಲೆ ತೂಗುಹಾಕಿ ಸುಮ್ಮನಾಗಲಿಲ್ಲ. ಸಂಗ್ರಹಾಲಯದಲ್ಲಿ ತರಗತಿಯನ್ನೇ ಏರ್ಪಡಿಸಿದರು. ಮೇಜು, ಕುಂಚ, ಮಸಿ, ತಿದ್ದುವ ಪುಸ್ತಕ, ಪಾಠ ಹೇಳುವ ವಿಡಿಯೋ ಎಲ್ಲವೂ ಅಲ್ಲಿದ್ದವು. ತಿದ್ದಲು ಕೊಟ್ಟದ್ದು ಇಂಗ್ಲಿಷಿನ ಶಿಶುಗೀತೆಗಳನ್ನು. ಪದವೀಧರರಾದ ದೊಡ್ಡವರು ಮಕ್ಕಳಂತೆ ಕುಳಿತು ಅಕ್ಷರಾಭ್ಯಾಸ ಮಾಡಿದರು. ಆಕಾಶದ ಪುಸ್ತಕ ಎಲ್ಲರನ್ನೂ ಹೊರಗಿಟ್ಟಿತ್ತು. ಚೌಕ ಪದಗಳು ಬಾಗಿಲು ತೆರೆದವು, ಆದರೆ ಒಳಬರುವವರು ತಮ್ಮ ಪೂರ್ವಗ್ರಹವನ್ನು ಹೊಸ್ತಿಲಲ್ಲಿ ಬಿಟ್ಟು ಬರಬೇಕೆಂಬ ಕಟ್ಟಳೆಯೊಡನೆ. 1999ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಮುಂದೆ ತೂಗಿದ ಕೆಂಪು ಪತಾಕೆಯಲ್ಲಿ ‘ಕಲೆ ಜನರಿಗಾಗಿ’ ಎಂಬ ಮಾವೋ ಕಾಲದ ಘೋಷಣೆ ಇದೇ ಲಿಪಿಯಲ್ಲಿ ಕಾಣಿಸಿಕೊಂಡಿತು. ಹರೆಯದಲ್ಲಿ ಪ್ರಚಾರಫಲಕ ಬರೆದ ಕೈ ಅದೇ ವಾಕ್ಯವನ್ನು ಬೇರೆ ಜಗತ್ತಿನ ಬಾಗಿಲಲ್ಲಿ, ಬೇರೆ ಧ್ವನಿಯಲ್ಲಿ ಬರೆಯಿತು. ಅದೇ ವರ್ಷ ಅವರಿಗೆ ಅಮೆರಿಕೆಯ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.

ಅಕ್ಷರದಿಂದ ನಿಸರ್ಗಕ್ಕೆ

1999ರಲ್ಲಿ ನೇಪಾಳದ ಹಿಮಾಲಯದಲ್ಲಿ ಸಂಚರಿಸುವಾಗ ಅವರು ಬೆಟ್ಟವನ್ನು ‘ಬೆಟ್ಟ’ ಎಂಬ ಅಕ್ಷರದಿಂದಲೂ ಕಲ್ಲನ್ನು ‘ಕಲ್ಲು’ ಎಂಬ ಅಕ್ಷರದಿಂದಲೂ ಚಿತ್ರಿಸತೊಡಗಿದರು. ಪುಟದ ಮೇಲೆ ಅಕ್ಷರಗಳು ರಾಶಿಬಿದ್ದು ಭೂದೃಶ್ಯವಾಯಿತು. ಚೀನೀ ಪರಂಪರೆಯಲ್ಲಿ ಬರೆಯುವುದೂ ಚಿತ್ರಿಸುವುದೂ ಒಂದೇ ಕುಂಚದ ಕೆಲಸ. ಅನೇಕ ಅಕ್ಷರಗಳು ಮೂಲದಲ್ಲಿ ಚಿತ್ರಗಳೇ ಆಗಿದ್ದವು. ಈ ಚಿತ್ರಮಾಲೆ ಅಕ್ಷರವನ್ನು ಅದರ ಹುಟ್ಟಿನ ಜಾಗಕ್ಕೆ ಮರಳಿ ಕರೆದೊಯ್ದಿತು.

2001ರಲ್ಲಿ ವಾಷಿಂಗ್ಟನ್ನಿನ ಸ್ಯಾಕ್ಲರ್ ಗ್ಯಾಲರಿಯಲ್ಲಿ ಪ್ರದರ್ಶಿತವಾದ ‘ಜೀವಂತ ಪದ’ ಇದೇ ವಿಚಾರದ ಇನ್ನೂ ಮನೋಹರವಾದ ರೂಪ. ಹಕ್ಕಿ ಎಂಬ ಪದದ ನಿಘಂಟಿನ ಅರ್ಥವಿವರಣೆ ನೆಲದ ಮೇಲೆ ಹರಡಿದೆ. ಅಲ್ಲಿಂದ ಮೇಲೇಳುವ ‘ಹಕ್ಕಿ’ ಅಕ್ಷರ ಸರಳೀಕೃತ ರೂಪದಿಂದ ಸಾಂಪ್ರದಾಯಿಕ ರೂಪಕ್ಕೆ, ಅಲ್ಲಿಂದ ಇನ್ನೂ ಹಳೆಯ ಲಿಪಿಗಳಿಗೆ ಸಾಗಿ, ಕೊನೆಗೆ ಪ್ರಾಚೀನ ಚಿತ್ರಲಿಪಿಯ ಹಕ್ಕಿಯಾಗಿ ಮೇಲಕ್ಕೆ ಹಾರುತ್ತದೆ. ಲಿಪಿವಿಕಾಸದ ಚರಿತ್ರೆಯನ್ನು ಫಲಕದಲ್ಲಿ ಕಾಲಾನುಕ್ರಮವಾಗಿ ತೋರಿಸುವುದು ಅಧ್ಯಾಪಕರಿಗೆ ರೂಢಿ. ಇಲ್ಲಿ ಅದೇ ಪಾಠ ಹಿಮ್ಮುಖವಾಗಿ ಚಲಿಸಿ ವ್ಯಾಖ್ಯೆಯ ಪಂಜರದಿಂದ ಪದವನ್ನು ಬಿಡಿಸುತ್ತದೆ. ಸರಳೀಕರಣದ ಪಟ್ಟಿಗಳ ನಡುವೆ ಅಕ್ಷರ ಕಲಿತ ತಲೆಮಾರಿನವರೊಬ್ಬರು ಇದನ್ನು ರಚಿಸಿದರೆಂಬುದು ಕೃತಿಗೆ ಇನ್ನೊಂದು ಅರ್ಥದ ಪದರವನ್ನು ಕೂಡಿಸುತ್ತದೆ.

ನ್ಯೂಯಾರ್ಕಿನ ಅವಳಿ ಗೋಪುರಗಳು 2001ರ ಸೆಪ್ಟೆಂಬರ್ 11ರಂದು ಕುಸಿದಾಗ ಆ ಪರಿಸರದಿಂದ ಸಂಗ್ರಹಿಸಿದ ಧೂಳನ್ನು ಬಳಸಿ ಅವರು ರಚಿಸಿದ ಕೃತಿಯೂ ಬರಹವೇ. ಜೆನ್ ಪರಂಪರೆಯ ಗುರು ಹುಯಿನೆಂಗ್ ಅವರದೆಂದು ಪ್ರಸಿದ್ಧವಾದ, ಧೂಳನ್ನು ಕುರಿತ ಪದ್ಯದ ಸಾಲುಗಳು ನೆಲದ ಮೇಲಿನ ತೆಳು ಧೂಳಿನ ಪದರದಲ್ಲಿ ಖಾಲಿ ಜಾಗಗಳಾಗಿ ಮೂಡಿವೆ. ಅದಕ್ಕೆ 2004ರಲ್ಲಿ ವೇಲ್ಸ್ ದೇಶದ ಮೊದಲ ಆರ್ಟೆಸ್ ಮುಂಡಿ ಪ್ರಶಸ್ತಿ ಸಂದಿತು.

ನೆಲದ ಪುಸ್ತಕ

ವಿಮಾನಗಳಲ್ಲಿ ಪ್ರಯಾಣಿಕರಿಗೆ ಕೊಡುವ ಸುರಕ್ಷತೆಯ ಹಾಳೆಯಲ್ಲಿ ಮಾತಿಲ್ಲ, ಚಿತ್ರವಿದೆ. ಯಾವ ದೇಶದವರಿಗಾದರೂ ಅದು ಅರ್ಥವಾಗುತ್ತದೆ. ಇಂತಹ ಚಿಹ್ನೆಗಳನ್ನು ಶು ಬಿಂಗ್ ವರ್ಷಗಳ ಕಾಲ ಸಂಗ್ರಹಿಸಿದರು. ವಿಮಾನನಿಲ್ದಾಣ, ಶೌಚಾಲಯ, ಔಷಧದ ಪೊಟ್ಟಣ, ಕಂಪ್ಯೂಟರಿನ ತೆರೆ ಇವುಗಳಲ್ಲಿ ಬಳಕೆಯಾಗುವ ಸಂಜ್ಞೆಗಳನ್ನು ಮಾತ್ರ ಬಳಸಿ ಒಂದು ಕಥೆಯನ್ನು ಹೇಳುವ ಸಾಹಸ 2003ರಲ್ಲಿ ಆರಂಭವಾಯಿತು. ‘ನೆಲದ ಪುಸ್ತಕ’ ಎಂಬ ಈ ಕೃತಿಯಲ್ಲಿ ನಗರದ ಒಬ್ಬ ಕಚೇರಿ ನೌಕರನ 24 ಗಂಟೆಗಳ ದಿನಚರಿಯಿದೆ. ಒಂದು ಅಕ್ಷರವೂ ಇಲ್ಲ. ಆಕಾಶದ ಪುಸ್ತಕ ಯಾರಿಗೂ ತಿಳಿಯದಿದ್ದರೆ, ನೆಲದ ಪುಸ್ತಕ ಎಲ್ಲರಿಗೂ ತಿಳಿಯಲಿ ಎಂಬುದು ಆಶಯ. ಬರೆದ ಮಾತನ್ನು ಚಿಹ್ನೆಗಳಿಗೆ ತಿರುಗಿಸುವ ಕಂಪ್ಯೂಟರ್ ತಂತ್ರಾಂಶವನ್ನೂ ಅವರು ಸಿದ್ಧಪಡಿಸಿದರು. ಚಿತ್ರಸಂಜ್ಞೆಗಳು ಮೊಬೈಲ್ ಫೋನಿನ ಮೂಲಕ ಜಗತ್ತಿನಾದ್ಯಂತ ಹರಡುವುದಕ್ಕೆ ಎಷ್ಟೋ ಮೊದಲೇ ಈ ದಿಕ್ಕಿನಲ್ಲಿ ಅವರು ಯೋಚಿಸಿದ್ದರು.

ಆದರೆ ಈ ಸರ್ವಸಮಾನತೆಯನ್ನು ಪರೀಕ್ಷಿಸದೆ ಒಪ್ಪಲಾಗದು. ಎದ್ದ, ಉಂಡ, ಬಸ್ಸು ಹಿಡಿದ, ಬೇಸರಪಟ್ಟ ಎಂಬುದನ್ನು ಚಿಹ್ನೆಗಳು ಹೇಳಬಲ್ಲವು. ‘ಹಾಗೆ ಆಗಿದ್ದರೆ’ ಎಂಬ ಸಂಭಾವನೆಯನ್ನು, ಅಣ್ಣ-ತಮ್ಮ, ಅತ್ತೆ-ಚಿಕ್ಕಮ್ಮ ಎಂಬ ಸಂಬಂಧಭೇದವನ್ನು, ವ್ಯಂಗ್ಯವನ್ನು, ಧ್ವನಿಯನ್ನು ಹೇಳಲು ಅವು ಪರದಾಡುತ್ತವೆ. ಮೇಲಾಗಿ ಈ ಚಿಹ್ನೆಗಳ ಲೋಕ ನಗರದ ಲೋಕ. ವಿಮಾನನಿಲ್ದಾಣವನ್ನಾಗಲಿ ಕಂಪ್ಯೂಟರನ್ನಾಗಲಿ ಕಾಣದ ರೈತನಿಗೆ ಇದೂ ಒಂದು ಆಕಾಶದ ಪುಸ್ತಕವೇ. ಬಾಗಿಲಿಲ್ಲದ ಲಿಪಿ ಎಂಬುದಿಲ್ಲ. ಬಾಗಿಲಿನ ಸ್ಥಳ ಬದಲಾಗುತ್ತದೆ, ಅಷ್ಟೆ. ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೊರಡುವ ನಿಜವಾದ ತಿಳಿವಳಿಕೆ ಇದು.

ಮರಳಿದ ಮೇಲೆ

ಹದಿನೆಂಟು ವರ್ಷಗಳ ಅಮೆರಿಕವಾಸದ ಅನಂತರ 2008ರಲ್ಲಿ ಶು ಬಿಂಗ್ ತಾವು ಓದಿದ ಕೇಂದ್ರ ಲಲಿತಕಲಾ ಅಕಾಡೆಮಿಗೆ ಉಪಾಧ್ಯಕ್ಷರಾಗಿ ಮರಳಿದರು. ಬೀಜಿಂಗ್ ಆಗ ಒಲಿಂಪಿಕ್ ಕ್ರೀಡೆಗಳ ಸಡಗರದಲ್ಲಿ ಗುರುತು ಸಿಗದಷ್ಟು ಬದಲಾಗಿತ್ತು. ಎತ್ತರದ ವಾಣಿಜ್ಯ ಕಟ್ಟಡವೊಂದಕ್ಕೆ ಶಿಲ್ಪ ಮಾಡಿಕೊಡಲು ಬಂದ ಆಹ್ವಾನದ ಮೇರೆಗೆ ಅಲ್ಲಿಗೆ ಹೋದ ಅವರು, ಹೊಳಪಿನ ಕಟ್ಟಡಕ್ಕೂ ಅದನ್ನು ಕಟ್ಟುವ ಕೂಲಿಗಾರರ ಬದುಕಿಗೂ ಇರುವ ಅಂತರವನ್ನು ಕಂಡರು. ಆ ನಿರ್ಮಾಣಸ್ಥಳಗಳ ಕಸದಿಂದಲೇ, ಅಂದರೆ ಕಬ್ಬಿಣದ ಸರಳು, ಸಲಿಕೆ, ಶಿರಸ್ತ್ರಾಣ, ಕೊಳವೆಗಳಿಂದ, ಎರಡು ‘ಫೀನಿಕ್ಸ್’ ಹಕ್ಕಿಗಳನ್ನು ಕಟ್ಟಿದರು. ಒಂದು ಗಂಡು, ಒಂದು ಹೆಣ್ಣು. ಒಟ್ಟು ತೂಕ ಸುಮಾರು 12 ಟನ್. ಮೂಲ ಆಹ್ವಾನ ಕೈತಪ್ಪಿದರೂ 2010ರಲ್ಲಿ ಪೂರ್ಣಗೊಂಡ ಈ ಹಕ್ಕಿಗಳು ಬೀಜಿಂಗ್, ಶಾಂಘೈಗಳಲ್ಲಿ ಕಾಣಿಸಿಕೊಂಡು, 2014ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಮಹಾಮಂದಿರದಲ್ಲಿ ತೂಗಿದವು. 2015ರಲ್ಲಿ ವೆನಿಸ್ ಬಿಯನಾಲೆಯಲ್ಲಿ ಪ್ರದರ್ಶಿತವಾದವು. ಮೇಲ್ನೋಟಕ್ಕೆ ಇದಕ್ಕೂ ಲಿಪಿಗೂ ಸಂಬಂಧವಿಲ್ಲ. ಆದರೆ ಇರುವ ಬಿಡಿ ಅಂಗಗಳನ್ನು ಹೊಸದಾಗಿ ಕೂಡಿಸಿ ಕಂಡರಿಯದ ಒಂದು ರೂಪವನ್ನು ನಂಬುವಂತೆ ನಿಲ್ಲಿಸುವ ಕ್ರಮ ಆಕಾಶದ ಪುಸ್ತಕದ ಅಕ್ಷರಗಳದೇ. 2017ರಲ್ಲಿ ತೆರೆಕಂಡ ‘ಡ್ರ್ಯಾಗನ್‌ಫ್ಲೈ ಐಸ್’ ಚಿತ್ರವೂ ಹಾಗೆಯೇ. ಛಾಯಾಗ್ರಾಹಕನಿಲ್ಲದೆ, ಕಾವಲು ಕ್ಯಾಮೆರಾಗಳು ಸೆರೆಹಿಡಿದ ತುಣುಕುಗಳನ್ನೇ ಜೋಡಿಸಿ ಹೆಣೆದ ಕಥೆಯದು.

ಕನ್ನಡದ ಓದುಗರಿಗೆ

ಶು ಬಿಂಗ್ ಅವರಿಗೆ ಕನ್ನಡದೊಡನೆ ನೇರವಾದ ನಂಟಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆಗಳು ಕನ್ನಡಕ್ಕೆ, ವಿಶೇಷವಾಗಿ ಹೊರನಾಡಿನ ಕನ್ನಡಕ್ಕೆ ಹೊರಗಿನವಲ್ಲ. ಭಾಷೆ ಬೇರೆ, ಲಿಪಿ ಬೇರೆ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಳು, ಕೊಡವ ಭಾಷೆಗಳ ಸಾಹಿತ್ಯ ಬಹುಮಟ್ಟಿಗೆ, ಕೊಂಕಣಿಯ ಸಾಹಿತ್ಯ ಭಾಗಶಃ ಕನ್ನಡ ಲಿಪಿಯ ಆಶ್ರಯದಲ್ಲಿ ಬೆಳೆದಿದೆ. ಕನ್ನಡ ಲಿಪಿಯ ಬಾಗಿಲು ಬೇರೆ ನುಡಿಗಳಿಗೂ ತೆರೆದೇ ಇದೆ. ಇನ್ನೊಂದೆಡೆ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಕಿವಿಯ ಭಾಷೆಯಾಗಿ ಉಳಿದಿದೆ, ಕಣ್ಣಿನ ಭಾಷೆಯಾಗಿ ಉಳಿದಿಲ್ಲ. ಅಜ್ಜಿಯ ಮಾತು ತಿಳಿಯುತ್ತದೆ. ಅಜ್ಜಿಯ ಕಾಗದ ತಿಳಿಯದು. ಆ ಮಗುವಿನ ಮುಂದೆ ಕನ್ನಡದ ಪುಟ ಆಕಾಶದ ಪುಸ್ತಕದಂತೆ ನಿಲ್ಲುತ್ತದೆ: ತನ್ನದೆಂದು ಗೊತ್ತು, ಓದಲು ಬಾರದು.

ಇಂತಹ ಸಂದರ್ಭದಲ್ಲಿ ಅನ್ಯಲಿಪಿಯಲ್ಲಿ ಕನ್ನಡವನ್ನು ಬರೆದುಕೊಳ್ಳುವುದು ಒಂದು ಸುಲಭೋಪಾಯ. ಮಾತನ್ನು ಉಳಿಸಿಕೊಳ್ಳಲು ಅದರಿಂದ ತಾತ್ಕಾಲಿಕ ನೆರವೂ ದೊರೆಯಬಹುದು. ಆದರೆ ಪಂಪನಿಂದ ಮೊದಲ್ಗೊಂಡು ನಿನ್ನೆ ಮೊನ್ನೆಯ ಕಥೆಗಾರರವರೆಗಿನ ಬರಹ ಇರುವುದು ಕನ್ನಡ ಲಿಪಿಯ ಬಾಗಿಲಿನೊಳಗೆ. ಚೌಕ ಪದಗಳ ತರಗತಿ ಇಲ್ಲಿ ಒಂದು ದಾರಿಯನ್ನು ಸೂಚಿಸುತ್ತದೆ. ಆ ತರಗತಿ ಕಲಿಯುವವರನ್ನು ನಾಚಿಸಲಿಲ್ಲ, ಹೆದರಿಸಲಿಲ್ಲ. ಅವರಿಗೆ ಆಗಲೇ ಗೊತ್ತಿದ್ದ ಭಾಷೆಯನ್ನು ಹಿಡಿದುಕೊಂಡು ಗೊತ್ತಿಲ್ಲದ ಗೆರೆಗಳೊಳಗೆ ಕರೆದೊಯ್ಯಿತು. ಹೊರನಾಡಿನ ಮಕ್ಕಳಿಗೂ ಗೊತ್ತಿರುವುದು ಮನೆಯ ಮಾತು. ಅಕ್ಷರಮಾಲೆಯ ಕಂಠಪಾಠದಿಂದಲ್ಲದೆ, ಆ ಮಾತಿನಿಂದಲೇ, ಅವರು ದಿನವೂ ಕೇಳುವ ಹೆಸರು-ಹಾಡುಗಳಿಂದಲೇ ಲಿಪಿಯ ಪಾಠ ಆರಂಭವಾಗಬಹುದು. ಲಿಪಿ ಹೊರಗಿಡುವ ಗೋಡೆಯೂ ಹೌದು, ಒಳಬಿಡುವ ಬಾಗಿಲೂ ಹೌದು. ಅದು ಏನಾಗಬೇಕೆಂಬುದು ಕಲಿಸುವವರ ಕೈಯಲ್ಲಿದೆ.